ಸಹಿ ಹಾಕುವ ಮುನ್ನ

ಹುಬ್ಬಳ್ಳಿಯಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಏಳನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗ ಶಾಲೆಯಿಂದ ಒಂದು ಒಪ್ಪಿಗೆಯ ಚೀಟಿಯನ್ನು ತಂದು, ಊಟದ ತಟ್ಟೆಯ ಪಕ್ಕದಲ್ಲಿಟ್ಟು, "ಅಮ್ಮಾ, ಸರ್ ನಾಳೆನೇ ಬೇಕಂದಾರ" ಎಂದನಂತೆ. ಚೀಟಿಯಲ್ಲಿದ್ದುದನ್ನು ಆಕೆ ಅಚ್ಚುಕಟ್ಟಾಗಿ ನಕಲು ಮಾಡಿ ಕಳಿಸಿದ್ದಾರೆ. ಮುಂಜಾನೆ 5 ಗಂಟೆಗೆ ಹೊರಡುವುದು. ಎಕ್ಕಂಬಿಯಲ್ಲಿ ಉಪಾಹಾರ. ಬಳಿಕ ಸಹಸ್ರಲಿಂಗ, ಯಾಣ, ಉಂಚಳ್ಳಿ ಜಲಪಾತ, ಬನವಾಸಿ. ನಡುವೆ ಚಾರಣ. ರಾತ್ರಿ 10 ಗಂಟೆಗೆ ಹುಬ್ಬಳ್ಳಿಗೆ ಮರಳುವುದು. ಮಕ್ಕಳು 62, ಶಿಕ್ಷಕರು 4. ಕಟ್ಟಕಡೆಗೆ, ಮಾರ್ಗದಲ್ಲಿ ಸಂಭವಿಸುವ ಅವಘಡಗಳಿಗೆ ಶಾಲೆಯು ಹೊಣೆಯಲ್ಲವೆಂಬ ಒಂದು ಸಾಲು. ಅದರ ಕೆಳಗೆ ಪಾಲಕರ ಸಹಿಗೆ ಜಾಗ.

ಮನೆಯಲ್ಲಿ ಅಭಿಪ್ರಾಯಗಳು ಎರಡಾಗಿವೆ. "ಎಲ್ಲರ ಮಕ್ಕಳೂ ಹೋಗುವಾಗ ನಮ್ಮವನೊಬ್ಬನನ್ನು ಕೂಡಿಹಾಕುವುದೇ?" ಎಂದು ಯಜಮಾನರು ಕೇಳಿದರೆ, "ನೀರಿನ ಹತ್ತಿರ ಮಗುವನ್ನು ಕಳಿಸಬೇಡ" ಎಂದು ಅತ್ತೆಯವರು ಪಟ್ಟು ಹಿಡಿದಿದ್ದಾರೆ. ಇಬ್ಬರ ನಡುವೆ ಸಿಲುಕಿದ ತಾಯಿ ನನ್ನನ್ನು ಕೇಳಿದ್ದಾರೆ: ಸಹಿ ಹಾಕಲೇ, ಬೇಡವೇ?

ಈ ಪ್ರಶ್ನೆ ಅವರೊಬ್ಬರದಲ್ಲ. ದೀಪಾವಳಿ ಕಳೆದರೆ ಸಾಕು, ನಾಡಿನ ಸಾವಿರಾರು ಮನೆಗಳಿಗೆ ಇಂಥ ಚೀಟಿ ಬರುತ್ತದೆ. ಆದುದರಿಂದ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಮೊದಲು ಚೀಟಿಯ ಲೆಕ್ಕವನ್ನೇ ಮಾಡಿ ನೋಡೋಣ. ಹುಬ್ಬಳ್ಳಿಯಿಂದ ಶಿರಸಿಗೆ ಸುಮಾರು ನೂರು ಕಿಲೋಮೀಟರು. ಸಹಸ್ರಲಿಂಗವಿರುವುದು ಶಿರಸಿಯಿಂದ ಯಲ್ಲಾಪುರದ ದಿಕ್ಕಿಗೆ, ಶಾಲ್ಮಲಾ ನದಿಯಲ್ಲಿ. ಯಾಣವಿರುವುದು ಪಡುವಣಕ್ಕೆ, ಘಟ್ಟದಂಚಿನ ಕುಮಟಾ ತಾಲೂಕಿನಲ್ಲಿ. ಉಂಚಳ್ಳಿ ಸಿದ್ದಾಪುರ ತಾಲೂಕಿನಲ್ಲಿ ಅಘನಾಶಿನಿಯ ಕಣಿವೆಗೆ ಸೇರಿದ್ದು. ಬನವಾಸಿಯಾದರೋ ಇವೆಲ್ಲಕ್ಕೂ ಬೆನ್ನುಮಾಡಿ ಆಗ್ನೇಯದಲ್ಲಿ ವರದಾ ನದಿಯ ದಡದಲ್ಲಿದೆ. ನಾಲ್ಕು ಸ್ಥಳ, ನಾಲ್ಕು ದಿಕ್ಕು. ಘಟ್ಟದ ತಿರುವುಗಳಲ್ಲಿ ಬಸ್ಸು ಎಷ್ಟು ವೇಗದಿಂದ ಹೋದೀತು? ಅರವತ್ತೆರಡು ಮಕ್ಕಳು ಒಮ್ಮೆ ಇಳಿದು ಒಮ್ಮೆ ಹತ್ತುವುದಕ್ಕೇ ಕಾಲು ಗಂಟೆ ಬೇಕು. ಹದಿನೇಳು ಗಂಟೆಗಳ ಈ ಪ್ರವಾಸದಲ್ಲಿ ಹನ್ನೊಂದು ಹನ್ನೆರಡು ಗಂಟೆ ಬಸ್ಸಿನೊಳಗೇ ಕಳೆಯುವುದು ನಿಶ್ಚಯ. ಉಳಿದ ಹೊತ್ತಿನಲ್ಲಿ ಎರಡು ಊಟ, ನಾಲ್ಕು ಸ್ಥಳ, ಅದರ ಮೇಲೆ ಚಾರಣ! ಯಾರೋ ಕುರ್ಚಿಯಲ್ಲಿ ಕುಳಿತು, ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದಾರೆ. ಆ ದಾರಿಯನ್ನು ಕಾಲಿನಿಂದ ಅಳೆದವರು ಹೀಗೆ ಬರೆಯಲಾರರು.

ಅಪಾಯವಿರುವುದೂ ಇಲ್ಲಿಯೇ. ಹೊತ್ತು ಸಾಲದಾದಾಗ ಶಿಕ್ಷಕರು ಅವಸರಪಡುತ್ತಾರೆ. ಅವಸರದಲ್ಲಿ ಎಣಿಕೆ ತಪ್ಪುತ್ತದೆ. ಹಸಿದು ದಣಿದ ಮಕ್ಕಳು ನೀರನ್ನು ಕಂಡೊಡನೆ ಓಡುತ್ತಾರೆ. 2024ರ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಹುಬ್ಬಳ್ಳಿಯ ಆ ಅತ್ತೆಯವರ ಹಟದ ಹಿಂದೆ ಆ ಸುದ್ದಿಯಿದೆಯೆಂದು ತೋರುತ್ತದೆ. ಅವರನ್ನು ಹಳೆಯ ಕಾಲದವರೆಂದು ನಗುವ ಹಕ್ಕು ನಮಗಿಲ್ಲ.

ಬೇರೆ ದೇಶಗಳೂ ಈ ಪಾಠವನ್ನು ಕಣ್ಣೀರಿನಿಂದಲೇ ಕಲಿತಿವೆ. ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ 1993ರಲ್ಲಿ ಶಾಲೆಯ ಮಕ್ಕಳ ತಂಡವೊಂದು ಚಿಕ್ಕ ದೋಣಿಗಳಲ್ಲಿ ಕಡಲಿಗಿಳಿದು, ನಾಲ್ವರು ಪ್ರಾಣ ಕಳೆದುಕೊಂಡರು. ಅದನ್ನು ನಡೆಸಿದ ಕೇಂದ್ರದ ಮುಖ್ಯಸ್ಥರಿಗೆ ಸೆರೆಮನೆಯಾಯಿತು. 1995ರಲ್ಲಿ, ಮಕ್ಕಳನ್ನು ಇಂಥ ಸಾಹಸಗಳಿಗೆ ಕರೆದೊಯ್ಯುವ ಕೇಂದ್ರಗಳು ಪರವಾನಗಿ ಪಡೆಯಲೇಬೇಕೆಂದು ಅಲ್ಲಿನ ಸಂಸತ್ತು ಕಾಯಿದೆ ಮಾಡಿತು. ಹಾಗೆಂದು ಅಲ್ಲಿ ಮಕ್ಕಳ ಪ್ರವಾಸಗಳೇನೂ ನಿಂತುಹೋಗಲಿಲ್ಲ.

ನಮ್ಮಲ್ಲಿಯೂ ನಿಲ್ಲಬೇಕಾಗಿಲ್ಲ. ಮನೆಯಿಂದ ಶಾಲೆಗೆ ವ್ಯಾನಿನಲ್ಲಿ, ಶಾಲೆಯಿಂದ ಮನೆಪಾಠಕ್ಕೆ ಸ್ಕೂಟರಿನಲ್ಲಿ ಓಡಾಡುವ ನಗರದ ಮಗುವಿಗೆ ದಿನಕ್ಕೆ ಒಂದು ಮೈಲಿಯ ನಡಿಗೆಯೂ ಒದಗದು. ಅಂಥ ಮಗು ಕಾಡಿನಲ್ಲಿ ನಡೆಯಲೇಬೇಕು. ಆದರೆ ಎಲ್ಲಿ, ಯಾವಾಗ, ಎಷ್ಟು ದೂರ, ಯಾರ ಸಂಗಡ?

"ಯಾವಾಗ" ಎಂಬುದನ್ನು ಮಲೆನಾಡಿನಲ್ಲಿ ಪಂಚಾಂಗಕ್ಕಿಂತ ಕಾಡೇ ಹೆಚ್ಚು ಖಚಿತವಾಗಿ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಬಳಗಳ ಕಾಲ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರುಗಳಿಂದ ಇಂಬಳವನ್ನು ಹೇಗೋ ನಿವಾರಿಸಿಕೊಳ್ಳಬಹುದು. ಅದು ಹೀರುವ ರಕ್ತಕ್ಕಿಂತ ಹುಟ್ಟಿಸುವ ಗಾಬರಿಯೇ ಹೆಚ್ಚು. ಆದರೆ ಜಾರುವ ಬಂಡೆ, ಒಮ್ಮೆಲೇ ಏರುವ ಹಳ್ಳ, ಕುಸಿಯುವ ಗುಡ್ಡ ಇವುಗಳಿಗೆ ಮದ್ದಿಲ್ಲ. 2021ರ ಮಳೆಗಾಲದಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳು ಜರಿದು ತೋಟ ಮನೆಗಳು ಹಾಳಾದುದನ್ನೂ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದುದನ್ನೂ ಯಾರು ಮರೆತಾರು? ಮಳೆಗಾಲದ ಜಲಪಾತವನ್ನು ದೊಡ್ಡವರು ದೂರದಿಂದ ನೋಡಲಿ. ಶಾಲೆಯ ತಂಡಕ್ಕೆ ಅದು ಸಲ್ಲದು.

ಮಳೆ ನಿಂತು ಚಳಿ ಕಳೆದು ಬಿಸಿಲೇರಿದರೆ ಬೇರೊಂದು ಭಯ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಬೆನ್ನಿಗೇ ಸುತ್ತಲಿನ ಜನಕ್ಕೆ ವಿಷಮ ಜ್ವರ ಬಂದಿತು. ಲೋಕದ ವೈದ್ಯಗ್ರಂಥಗಳು ಇಂದಿಗೂ ಆ ಚಿಕ್ಕ ಊರಿನ ಹೆಸರಿನಿಂದಲೇ ಕರೆಯುವ ಈ ರೋಗವನ್ನು ನಮ್ಮ ಜನ ಮಂಗನ ಕಾಯಿಲೆ ಎನ್ನುತ್ತಾರೆ. ಕಾಡಿನ ಉಣ್ಣಿಗಳು ಕಚ್ಚುವುದರಿಂದ ಇದು ಹರಡುತ್ತದೆ. ಡಿಸೆಂಬರ್‌ನಲ್ಲಿ ತಲೆಯೆತ್ತಿ, ಬೇಸಗೆಯಲ್ಲಿ ಹೆಚ್ಚಿ, ಮಳೆ ಬಿದ್ದೊಡನೆ ಅಡಗುತ್ತದೆ. ಸಿದ್ದಾಪುರ ತಾಲೂಕಿನಲ್ಲಿ 2019ರಿಂದೀಚೆಗೆ ಹಲವು ಬಾರಿ ಕಾಣಿಸಿಕೊಂಡಿದೆ. ಹಿಂದೆ ಹಾಕುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸುವುದರಿಂದ, ಪ್ರವಾಸದಿಂದ ಮರಳಿದ ಮಗುವಿಗೆ ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ "ಶಿರಸಿ ಸಿದ್ದಾಪುರದ ಕಾಡಿಗೆ ಹೋಗಿದ್ದ" ಎಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಬೇಕು. ನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ಇದನ್ನು ಬರೆಯುವುದು ಹೆದರಿಸಲಿಕ್ಕಲ್ಲ. ಆ ಕಾಡಿನ ನಡುವೆಯೇ ಸಾವಿರಾರು ಕುಟುಂಬಗಳು ಬಾಳುತ್ತಿವೆ, ಅವರ ಮಕ್ಕಳು ದಿನವೂ ನಡೆದೇ ಶಾಲೆಗೆ ಹೋಗುತ್ತಾರೆ. ಆದರೆ ಅವರಿಗೆ ಯಾವ ಬೆಟ್ಟದಲ್ಲಿ ಮಂಗ ಸತ್ತಿದೆ, ಯಾವ ಕಡೆ ಹೋಗಬಾರದು ಎಂಬುದು ಅಂದಂದೇ ತಿಳಿದಿರುತ್ತದೆ. ಹುಬ್ಬಳ್ಳಿಯಿಂದ ಬರುವ ಬಸ್ಸಿಗೆ ತಿಳಿದಿರುವುದಿಲ್ಲ. ಮಳೆಯ ನೆಲ ಆರಿ ಉಣ್ಣಿಗಳ ಕಾಟ ಮೊದಲಾಗುವ ಮುನ್ನ, ನವೆಂಬರ್‌ನಲ್ಲಿ ಕೆಲವು ವಾರಗಳಿವೆ. ಕಾಲ್ನಡಿಗೆಗೆ ಅದೇ ಪ್ರಶಸ್ತ ಕಾಲ. ಆಗಲೂ ಒಂದು ಮಾತುಂಟು: ಭತ್ತ ಬಲಿಯುವ ಆ ದಿನಗಳಲ್ಲಿ ಮುಂಡಗೋಡ, ಯಲ್ಲಾಪುರಗಳ ಕಡೆಗೆ ದಾಂಡೇಲಿಯ ಕಾಡಿನಿಂದ ಆನೆಗಳು ಇಳಿದು ಬರುವುದುಂಟು. ಅವು ಈ ವಾರ ಎಲ್ಲಿವೆ ಎಂಬುದು ಯಾವ ಪುಸ್ತಕದಲ್ಲಿಯೂ ಸಿಕ್ಕದು. ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ, ಇಲ್ಲವೆ ಚಹದ ಅಂಗಡಿಯಲ್ಲಿ ಕೇಳಬೇಕು.

ಆದ್ದರಿಂದ ನನ್ನ ದೃಷ್ಟಿಯಲ್ಲಿ ಪ್ರವಾಸದ ಯೋಜನೆಯಲ್ಲಿ ಒಂದು ಕೆಲಸ ಉಳಿದೆಲ್ಲಕ್ಕಿಂತ ಮುಖ್ಯವಾದುದು. ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಲ್ಲಿ ಒಬ್ಬರಾದರೂ, ಹೊರಡುವುದಕ್ಕೆ ಒಂದೆರಡು ವಾರ ಮೊದಲು, ಅದೇ ದಾರಿಯನ್ನು ತಾವೇ ನಡೆದು ನೋಡಿ ಬರಬೇಕು. ಹೋದ ವರ್ಷ ನೋಡಿದ್ದೆ ಎಂದರೆ ಸಾಲದು. ಹೋದ ವರ್ಷದ ಕಾಲುಸಂಕ ಈ ವರ್ಷ ತೇಲಿಹೋಗಿರುತ್ತದೆ. ಹೋದ ವರ್ಷ ಮೊಣಕಾಲಿನಷ್ಟಿದ್ದ ಹಳ್ಳ ಈ ವರ್ಷ ಸೊಂಟಕ್ಕೆ ಬರುತ್ತದೆ. ಹೀಗೆ ಹೋಗಿ ಬರಲು ಒಂದು ದಿನದ ರಜೆ, ನಾಲ್ಕು ನೂರೋ ಐದು ನೂರೋ ರೂಪಾಯಿ ಬೇಕು. ಬಸ್ಸಿನ ಬಾಡಿಗೆಗೆ ಚೌಕಾಸಿ ಮಾಡಿ ಉಳಿಸಿದ ಹಣವನ್ನು ಶಾಲೆಗಳು ಇದಕ್ಕೆ ವೆಚ್ಚಮಾಡುವುದನ್ನು ನಾನು ಕಂಡದ್ದು ಕಡಮೆ.

ಹೀಗೆ ಮೊದಲು ನಡೆದವರು ಕಾಗದದಲ್ಲಿ ಏನು ಬರೆದುಕೊಂಡು ಬರಬೇಕು? ನೀರು ಎಲ್ಲಿ ಕುಡಿಯಲು ಯೋಗ್ಯ, ನೆರಳು ಎಲ್ಲಿ, ಹೆಣ್ಣುಮಕ್ಕಳಿಗೆ ಮರೆಯ ಅನುಕೂಲ ಎಲ್ಲಿ (ಇದನ್ನು ಗಂಡಸರು ಸದಾ ಮರೆಯುತ್ತಾರೆ), ಮೊಬೈಲು ಫೋನು ಎಲ್ಲಿ ಸದ್ದಡಗುತ್ತದೆ, 108 ವಾಹನ ಎಲ್ಲಿಯವರೆಗೆ ಬಂದೀತು, ಹಾವಿನ ವಿಷಕ್ಕೆ ಮದ್ದಿರುವ ಆಸ್ಪತ್ರೆ ಎಷ್ಟು ದೂರ. ಇವೆಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಹೊತ್ತು ಹಿಡಿಯಿತು ಎಂಬುದು. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಪ್ರಿಯರು ಒಂದು ಲೆಕ್ಕ ಹೇಳಿದರು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿ ಏರಿಕೆಗೆ ಇನ್ನೊಂದು ಗಂಟೆ. ಆದರೆ ಅದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಏಳನೆಯ ತರಗತಿಯ ಮಕ್ಕಳ ಸಾಲಿಗೆ ಅದರ ಎರಡರಷ್ಟು ಹೊತ್ತು ಹಿಡಿಯಬೇಕೆಂಬುದು ನನ್ನ ಅನುಭವ. ಡಿಸೆಂಬರಿನಲ್ಲಿ ಸೂರ್ಯಾಸ್ತ ಆರು ಗಂಟೆಯ ಸುಮಾರಿಗಾದರೂ ದಟ್ಟ ಕಾಡಿನೊಳಗೆ ಐದಕ್ಕೇ ಮಬ್ಬು. ಆದ್ದರಿಂದ ನಾಲ್ಕಕ್ಕೆ ಕೊನೆಯ ಮಗು ಬಸ್ಸಿನ ಬಳಿ ಇರಬೇಕೆಂದು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು. ಗುರಿ ಕಣ್ಣಿಗೆ ಕಾಣುತ್ತಿದ್ದರೂ ಸರಿ, ನಿಶ್ಚಯಿಸಿದ ಹೊತ್ತಾದೊಡನೆ ಹಿಂದಿರುಗುವ ಧೈರ್ಯ ಮುಂದಾಳಿಗಿರಬೇಕು.

ಎಷ್ಟೋ ವರ್ಷಗಳ ಹಿಂದೆ ಒಂದು ಶಾಲೆಯ ತಂಡದ ಜೊತೆಗೆ ನಾನೂ ಹೋಗಿದ್ದೆ. ಹೊರಡುವಾಗ ಮಕ್ಕಳನ್ನು ಎಣಿಸಿದೆವು. ಊಟಕ್ಕೆ ಕುಳಿತಾಗ ಎಣಿಸಿದೆವು. ಬಸ್ಸು ಹತ್ತುವಾಗ ಎಣಿಸಿದರೆ ಒಬ್ಬ ಕಡಮೆ. ಮುಂದೆ ಇಬ್ಬರು ಶಿಕ್ಷಕರು, ನಡುವೆ ನಾನು. ಕಟ್ಟಕಡೆಗೆ ಯಾರೂ ಇರಲಿಲ್ಲ. ಹುಡುಗನ ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು. ಕೂಗಿ ಕರೆದರೆ ಗೆಳೆಯರು ನಕ್ಕಾರೆಂದು ಸುಮ್ಮನೆ ಕುಳಿತು ಅದನ್ನು ಸರಿಪಡಿಸಲು ಯತ್ನಿಸಿದ. ತಲೆಯೆತ್ತಿದಾಗ ದಾರಿಯಲ್ಲಿ ಯಾರೂ ಇಲ್ಲ. ನಾವು ಹುಡುಕಿಕೊಂಡು ಹಿಂದಕ್ಕೆ ಓಡಿದರೆ, ದಾರಿ ಪಕ್ಕದ ತೋಟದ ಮನೆಯ ಜಗಲಿಯ ಮೇಲೆ ಕುಳಿತು ಬೆಲ್ಲ ತಿಂದು ನೀರು ಕುಡಿಯುತ್ತಿದ್ದ. ಮನೆಯ ಹಿರಿಯ ಹೆಂಗಸು ನಮ್ಮನ್ನು ನೋಡಿ, "ಮಕ್ಕಳನ್ನು ಕರೆದುಕೊಂಡು ಬಂದವರು ಹಿಂದೆ ನೋಡದೆ ಹೋಗುವುದೇ?" ಎಂದರು. ಉತ್ತರ ಕೊಡುವ ಬಾಯಿ ನಮಗಿರಲಿಲ್ಲ. ಅಂದಿನಿಂದ ನಾನು ಹೋದ ಪ್ರತಿ ತಂಡದಲ್ಲಿಯೂ ಸಾಲಿನ ಕೊನೆಗೆ ನಡೆಯುವವನು ನಾನೇ. ಸಾಲಿನ ಮುಂದೆ ನಿಧಾನವಾಗಿ ನಡೆಯುವ ಮಗುವನ್ನೇ ಇರಿಸಬೇಕು. ಹತ್ತು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಬೇಕು. ಅರವತ್ತೆರಡಕ್ಕೆ ನಾಲ್ವರು ಏನೇನೂ ಸಾಲರು.

ಇನ್ನು ಸ್ಥಳದ ಮಾತು. ಚೀಟಿಯಲ್ಲಿರುವ ಸ್ಥಳಗಳ ಮೇಲೆ ನನಗೆ ಮುನಿಸಿಲ್ಲ. ಸೋಂದೆಯ ಅರಸ ಸದಾಶಿವರಾಯನ ಕಾಲದ ಸಹಸ್ರಲಿಂಗ ನೋಡತಕ್ಕದ್ದೇ; ಆದರೆ ಅದು ನದಿಯ ನಡುವಿನ ಬಂಡೆಗಳ ಮೇಲಿದೆ, ನೀರು ಇಳಿದಾಗಲೇ ಚೆನ್ನಾಗಿ ಕಾಣುತ್ತದೆ, ಪಾಚಿಯ ಬಂಡೆ ಯಾವ ಕಾಲದಲ್ಲಿಯೂ ಜಾರುತ್ತದೆ. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರು ಕೆಳಕ್ಕೆ ಧುಮುಕುತ್ತಾಳೆ. ಆ ಭೋರ್ಗರೆತದಿಂದಲೇ ಅದಕ್ಕೆ ಕೆಪ್ಪ ಜೋಗವೆಂಬ ಹೆಸರು. ಶಿಕ್ಷಕರ ಕೂಗು ಮಕ್ಕಳಿಗೆ ಕೇಳಿಸದಂಥ ಸ್ಥಳದಲ್ಲಿ ಕೂಗಿ ಎಚ್ಚರಿಸುವ ಭರವಸೆ ಇಟ್ಟುಕೊಳ್ಳಬಾರದು. ಯಾಣದ ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು ಎತ್ತರದ ಕಪ್ಪು ಸುಣ್ಣಶಿಲೆಗಳು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕವಿದ್ದವ ಗೋಕರ್ಣಕ್ಕೆ" ಎಂಬ ಗಾದೆ ಹುಟ್ಟಿದ್ದು ಅಲ್ಲಿಗೆ ಹೋಗುವುದು ಅಷ್ಟು ಕಷ್ಟವಾಗಿದ್ದ ಕಾಲದಲ್ಲಿ. ಈಗ ಸಮೀಪದವರೆಗೂ ವಾಹನ ಹೋಗುತ್ತದೆ. ಆದರೆ ಬಂಡೆಗಳಲ್ಲಿ ಹೆಜ್ಜೇನುಗಳಿವೆ. ಅರವತ್ತು ಮಕ್ಕಳ ಕೇಕೆ ಅವುಗಳಿಗೆ ಹಿಡಿಸೀತೆಂದು ಹೇಳಲಾರೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಂಡು ಇಡೀ ದಿನವನ್ನು ಅದಕ್ಕೆ ಕೊಟ್ಟರೆ ಸರಿ. ನಾಲ್ಕನ್ನೂ ಮುಟ್ಟಿ ಬರುವುದೆಂದರೆ ಊಟದ ಎಲೆಯನ್ನು ಮೂಸಿ ಏಳುವಂತೆ.

ನನ್ನನ್ನು ಕೇಳಿದರೆ, ಆ ಚೀಟಿಯಲ್ಲಿ ಉಪಾಹಾರಕ್ಕೆಂದು ಮಾತ್ರ ಬರೆದ ಎಕ್ಕಂಬಿಯ ಸುತ್ತಲಿನಲ್ಲಿಯೇ ಮಕ್ಕಳನ್ನು ನಡೆಸಬಹುದು. ಪ್ರವಾಸಿಗಳ ಪಟ್ಟಿಯಲ್ಲಿ ಈ ಊರಿನ ಹೆಸರಿಲ್ಲ. ಮುಂಡಗೋಡದ ಮೇಲೆ ಶಿರಸಿಗೆ ಹೋಗುವವರು ಬಸ್ಸಿನ ಕಿಟಕಿಯಿಂದ ಕಂಡು ಮರೆಯುವ ಊರು. ಆದರೆ ಬಯಲುಸೀಮೆ ಮಲೆನಾಡಾಗಿ ಮಾರ್ಪಡುವುದು ಈ ಆಸುಪಾಸಿನಲ್ಲಿಯೇ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರು ಮಳೆ. ಹುಬ್ಬಳ್ಳಿಯಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟು. ಆ ವ್ಯತ್ಯಾಸವನ್ನು ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ಹುಡುಗ ಇಲ್ಲಿ ಕಣ್ಣಾರೆ ನೋಡಬಲ್ಲ. ಮೂಡಲಿಗೆ ತೇಗ, ಮತ್ತಿ, ನಂದಿ ಮರಗಳ, ಎಲೆಯುದುರುವ ಕಾಡು. ಭತ್ತದ ಗದ್ದೆ, ಕೆರೆ. ಪಡುವಲಿಗೆ ಸಾಗಿದಂತೆ ಕಣಿವೆಗಳಲ್ಲಿ ಅಡಕೆಯ ತೋಟ, ಮೆಣಸಿನ ಬಳ್ಳಿ, ತೋಟದ ಮೇಲೆ ಸೊಪ್ಪಿನ ಬೆಟ್ಟ. ಆ ಬೆಟ್ಟ ಯಾರದು, ಅದರ ಸೊಪ್ಪು ತೋಟಕ್ಕೇಕೆ, ಮುರುಗಲ ಹಣ್ಣಿನಿಂದ ಏನು ಮಾಡುತ್ತಾರೆ ಎಂದು ಹಳ್ಳಿಯವರೊಬ್ಬರು ಜೊತೆಗೆ ನಡೆಯುತ್ತ ಹೇಳಿದರೆ ಐದಾರು ಕಿಲೋಮೀಟರು ಹೋದದ್ದೇ ತಿಳಿಯದು. ಆಳವಾದ ನೀರಿನ ಗೊಡವೆ ತಪ್ಪಿಸಿ, ಕೆರೆಯನ್ನು ಏರಿಯಿಂದಾಚೆಗೇ ನೋಡಿ ಬರುವಂತೆ ದಾರಿಯನ್ನು ಗೊತ್ತುಮಾಡಬಹುದು. ಅಂಥ ದಾರಿ ಊರ ರಸ್ತೆಗೆ ಸಮೀಪವಿರುವುದರಿಂದ, ಒಂದು ಮಗುವಿನ ಕಾಲು ಉಳುಕಿದರೂ ಅರ್ಧ ಗಂಟೆಯಲ್ಲಿ ವಾಹನ ಸಿಕ್ಕೀತು.

ಇನ್ನೂ ಸ್ವಲ್ಪ ದೊಡ್ಡ ಮಕ್ಕಳಾದರೆ ಶಿರಸಿಯಿಂದಾಚೆ ಸಾಲ್ಕಣಿಯ ಕಡೆಗೆ ಕರೆದೊಯ್ಯಬಹುದು. 1983ರ ಸೆಪ್ಟೆಂಬರ್ 8ರಂದು ಆ ಸುತ್ತಲಿನ ಹಳ್ಳಿಗರು, ಹೆಂಗಸರು ಮಕ್ಕಳು ಸಹಿತ, ಕಾಡಿಗೆ ಹೋಗಿ ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರು ಮುಂದಾಳಾಗಿದ್ದ ಆ ಅಪ್ಪಿಕೋ ಚಳವಳಿ ಮೊದಲಾದುದು ಹಾಗೆ. ಪಾಠದಲ್ಲಿ ಎರಡು ಸಾಲಿರುವ ಈ ಸಂಗತಿಯನ್ನು ಆ ಮರಗಳ ಕೆಳಗೇ ನಿಂತು ಕೇಳಿದ ಮಗು ಮರೆಯಲಾರದು.

ಕಾಡಿನ ಒಳದಾರಿಗೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಜಾತ್ರೆಯಂತೆ ನುಗ್ಗಿದ ಮೇಲೆ ಇಲಾಖೆಯು ಚಾರಣದ ದಾರಿಗಳಿಗೆ ಮುಂಗಡ ನೋಂದಣಿಯನ್ನೂ, ದಿನಕ್ಕೆ 300 ಜನರೆಂಬ ಮಿತಿಯನ್ನೂ ತಂದಿತು. ಚೀಟಿಯಲ್ಲಿ "ಚಾರಣ" ಎಂದು ಬರೆದ ಶಾಲೆ ಯಾವ ದಾರಿಗೆ ಅಪ್ಪಣೆ ಪಡೆದಿದೆಯೆಂದು ಕೇಳುವುದು ಅಧಿಕಪ್ರಸಂಗವಲ್ಲ.

ಮನೆಯವರ ಪಾಲಿನ ಕೆಲಸವೂ ಸ್ವಲ್ಪವಿದೆ. ಪ್ರವಾಸಕ್ಕೆಂದು ಹೊಸ ಬೂಟು ಕೊಳ್ಳಬೇಡಿ. ಕಾಲಿಗೆ ಹೊಂದಿಕೊಂಡ ಹಳೆಯ ಬೂಟೇ ಲೇಸು. ತುಂಬುತೋಳಿನ ಅಂಗಿ, ಉದ್ದ ಷರಾಯಿ. ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸುವುದನ್ನು ಮನೆಯಲ್ಲಿಯೇ ಒಮ್ಮೆ ಮಾಡಿ ತೋರಿಸಿ. ಉಣ್ಣಿ ಏರದಂತೆ ಹಚ್ಚುವ ಎಣ್ಣೆಯನ್ನು ವೈದ್ಯರನ್ನು ಕೇಳಿ ತನ್ನಿ. ಚೀಲದ ಭಾರ ಮಗುವಿನ ತೂಕದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಎರಡು ಬಾಟಲಿ ನೀರು, ಚಪಾತಿ, ಒಗ್ಗರಣೆ ಹಾಕಿದ ಒಣ ಅವಲಕ್ಕಿ, ಶೇಂಗಾ ಚಿಕ್ಕಿ, ಬಾಳೆಹಣ್ಣು. ಪೊಟ್ಟಣದ ಕರಿದ ತಿಂಡಿಗಳು ಬಾಯಾರಿಕೆಯನ್ನು ಹೆಚ್ಚಿಸುತ್ತವೆ. ಪೊಟ್ಟಣಗಳು ಕಾಡಿನಲ್ಲಿಯೇ ಉಳಿಯುತ್ತವೆ. ಉಬ್ಬಸವೋ ಮೂರ್ಛೆಯೋ ಇರುವ ಮಗುವಾದರೆ ನಾಚಿಕೆಪಟ್ಟು ಮುಚ್ಚಿಡದೆ ಶಿಕ್ಷಕರಿಗೆ ಬರೆದು ಕೊಡಿ. ಮರಳಿ ಬಂದ ರಾತ್ರಿ ಎಷ್ಟೇ ನಿದ್ದೆ ಬಂದಿರಲಿ, ಬಿಸಿನೀರು ಸಾಬೂನಿನ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಉಣ್ಣಿ ಇದೆಯೇ ಎಂದು ನೋಡಿ, ಬಟ್ಟೆಗಳನ್ನು ಕುದಿನೀರಿನಲ್ಲಿ ನೆನೆಹಾಕಿ.

ಈಗ ಆ ತಾಯಿಗೆ ನನ್ನ ಉತ್ತರ. ನಾಳೆಯೇ ಸಹಿ ಹಾಕಬೇಡಿ, ಕಳಿಸುವುದಿಲ್ಲವೆಂದೂ ಹೇಳಬೇಡಿ. ಮಗನ ಕೈಗೆ ಚೀಟಿ ಕೊಡದೆ ನೀವೂ ಯಜಮಾನರೂ ಶಾಲೆಗೆ ಹೋಗಿ, ಸಾಧ್ಯವಾದರೆ ಇನ್ನೂ ನಾಲ್ಕೈದು ಪಾಲಕರನ್ನು ಕರೆದುಕೊಂಡು, ಶಿಕ್ಷಕರೊಡನೆ ವಿನಯದಿಂದ ಮಾತನಾಡಿ. ಅವರೂ ಪಾಪ, ವರ್ಷವಿಡೀ ದುಡಿದು, ತಮ್ಮ ಮನೆಯ ಕೆಲಸ ಬಿಟ್ಟು ನಿಮ್ಮ ಮಕ್ಕಳನ್ನು ಕರೆದೊಯ್ಯುವವರು. ಈ ದಾರಿಯನ್ನು ಈ ತಿಂಗಳಲ್ಲಿ ನಡೆದು ಬಂದವರು ಯಾರು? ಸಾಲಿನ ಕೊನೆಗೆ ನಡೆಯುವವರು ಯಾರು? ನೀರಿನ ಬಳಿಗೆ ಮಕ್ಕಳು ಹೋಗುವರೇ, ಹೋದರೆ ದಡದಲ್ಲಿ ಈಜು ಬಲ್ಲವರು ಯಾರು ನಿಂತಿರುವರು? ಈ ಮೂರಕ್ಕೂ ಹೆಸರು ಹಿಡಿದು ಉತ್ತರ ಬಂದರೆ ಸಹಿ ಹಾಕಿ. "ಎಲ್ಲರೂ ನೋಡಿಕೊಳ್ಳುತ್ತಾರೆ" ಎಂಬ ಉತ್ತರ ಬಂದರೆ, ಪ್ರವಾಸವನ್ನು ಎರಡು ವಾರ ಮುಂದೂಡಿ ಒಬ್ಬ ಶಿಕ್ಷಕರನ್ನು ಮೊದಲು ಕಳಿಸಬಹುದೇ ಎಂದು ಕೇಳಿ. ಅವರ ಹೋಗಿಬರುವ ವೆಚ್ಚವನ್ನು ಪಾಲಕರೇ ಹಂಚಿಕೊಳ್ಳುವುದಾಗಿ ಹೇಳಿ. ಜೊತೆಗೆ ಬರಲು ಯಜಮಾನರಿಗೆ ಒಂದು ದಿನದ ರಜೆ ಸಿಕ್ಕೀತೇ? ಅರವತ್ತೆರಡು ಮಕ್ಕಳಿಗೆ ಇನ್ನೂ ಮೂವರು ದೊಡ್ಡವರು ಬೇಕಾಗಿದ್ದಾರೆ.

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಶಾಲೆಯವರು ಏನೆಂದರೆಂದು ಬರೆಯಿರಿ.